ತಾಡಪತ್ರಿ ಕಟ್ಟಿದ್ದೆಲ್ಲಿ, ಬಿಚ್ಚಿದ್ದೆಲ್ಲಿ

ನಮ್ಮ ಮನೆಯಲ್ಲಿ ಎರಡು ನಮೂನೆಯ ಸಿಟ್ಟು ಇದ್ದವು. ಒಂದು ಅಪ್ಪನದು, ಒಂದು ಅವ್ವನದು. ಅಪ್ಪನ ಸಿಟ್ಟು ಬರುವುದೂ ಗೊತ್ತಾಗುತ್ತಿರಲಿಲ್ಲ, ಹೋಗುವುದೂ ಗೊತ್ತಾಗುತ್ತಿರಲಿಲ್ಲ. ಝುಣಕಕ್ಕೆ ಉಪ್ಪು ಹೆಚ್ಚಾಯಿತೆಂದು ತಾಟು ಎತ್ತಿ ಒಗೆದನೆಂದರೆ, ಅದು ಗೋಡೆಗೆ ಬಡಿದು ಗಿರಗಿರ ತಿರುಗಿ ನಿಲ್ಲುವುದರೊಳಗೆ ಅವನ ಸಿಟ್ಟೂ ನಿಂತಿರುತ್ತಿತ್ತು. ಅದರ ಹರವು ಅವನ ಕೈ ಎಟಕುವಷ್ಟೇ. ಅಡುಗೆಮನೆಯಲ್ಲಿ ತಾಟು ಹಾರಿದರೆ ಪಡಸಾಲೆಯಲ್ಲಿ ಉಣ್ಣೆ ಹಿಂಜುತ್ತ ಕೂತ ಅಜ್ಜಿ ತಲೆ ಸಹ ಎತ್ತುತ್ತಿರಲಿಲ್ಲ. ಅವ್ವನ ಸಿಟ್ಟಿಗೆ ಸದ್ದೇ ಇರಲಿಲ್ಲ. ಅವಳು ಮಾತು ನಿಲ್ಲಿಸುತ್ತಿದ್ದಳು, ಅಷ್ಟೇ. ರೊಟ್ಟಿ ಬಡಿಯುವ ಸಪ್ಪಳ ಸಣ್ಣಗಾಗುತ್ತಿತ್ತು, ಪಲ್ಯೆಗೆ ಒಗ್ಗರಣೆ ಬೀಳುತ್ತಿರಲಿಲ್ಲ. ಆ ಮೌನ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿನ ಕುರಿದೊಡ್ಡಿಗೆ ಹಬ್ಬಿ, ಮೂರನೆಯ ದಿನಕ್ಕೆ ಬಾವಿಕಟ್ಟೆಯ ಹೆಂಗಸರು ನನ್ನನ್ನು ನಿಲ್ಲಿಸಿ ಮನೆಯಲ್ಲಿ ಏನಾಗಿದೆಯೆಂದು ಕೇಳುತ್ತಿದ್ದರು. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಒಮ್ಮೆ ಆಯಿ ನನ್ನನ್ನು ಪರೀಕ್ಷೆಗೆ ಕೂರಿಸಿದಳು.

“ಯಾರ ಸಿಟ್ಟ ದೊಡ್ಡದು, ಹೇಳ ನೋಡೂಣು?”

“ಅಪ್ಪಂದು.”

“ಹುಚ್ಚಿ! ನಿಮ್ಮಪ್ಪಂದು ಜೋರ ಐತಿ, ನಿಮ್ಮವ್ವಂದು ದೊಡ್ಡದೈತಿ. ಜೋರ ಬ್ಯಾರೆ, ದೊಡ್ಡದು ಬ್ಯಾರೆ.”

ತಿಳಿದವಳಂತೆ ತಲೆಯಾಡಿಸಿದೆ. ತಿಳಿದಿರಲಿಲ್ಲ. ತಿಳಿಯದೆಯೂ ತಲೆಯಾಡಿಸುವುದು ಆಗ ನನ್ನ ಮುಖ್ಯ ವಿದ್ಯೆಯಾಗಿತ್ತು. ಅಪ್ಪನ ಸಿಟ್ಟನ್ನು ನಾನು ಹೀಗೆ ನಗುನಗುತ್ತ ಬರೆಯುತ್ತಿದ್ದೇನೆ, ಆದರೆ ಅವ್ವನ ಎಡಹುಬ್ಬಿನ ಮೇಲೆ ಜೋಳದ ಕಾಳಿನಷ್ಟು ಒಂದು ಗುರುತಿತ್ತು ಎಂಬುದನ್ನೂ ಬರೆಯಬೇಕು. ನಾನು ಆರು ವರ್ಷದವಳಿದ್ದಾಗ ಗೋಡೆಗೆಂದು ಒಗೆದ ಹಿತ್ತಾಳೆಯ ಚರಿಗೆ ಗೋಡೆ ಮುಟ್ಟಲಿಲ್ಲ. ಆ ಹೊತ್ತಿಗೂ ಪಡಸಾಲೆಯಲ್ಲಿ ಆಯಿ ಉಣ್ಣೆ ಹಿಂಜುತ್ತಲೇ ಇದ್ದಳು. ಅವಳಿಗೆ ಗೊತ್ತಾದದ್ದು ಅವ್ವ ಅರಿಷಿಣದ ಡಬ್ಬಿ ಕೇಳಿದಾಗ. ಅಪ್ಪ ಆ ಬಗ್ಗೆ ಯಾವತ್ತೂ ಒಂದು ಮಾತು ಆಡಲಿಲ್ಲ. ಅಂದಿನಿಂದ ಏನೇ ಒಗೆದರೂ ಮೊದಲು ಅವ್ವ ಎಲ್ಲಿದ್ದಾಳೆಂದು ನೋಡಿ ಒಗೆಯುತ್ತಿದ್ದ. ಅಷ್ಟರ ಮಟ್ಟಿಗೆ ಸುಧಾರಿಸಿದ ಎನ್ನೋಣ.

ಸುಳಕೂಡದ ಆ ಮನೆ ಊರ ಕೊನೆಗೆ, ದೂಧಗಂಗಾ ಹೊಳೆಗೆ ಇಳಿಯುವ ದಾರಿಯಲ್ಲಿತ್ತು. ಮುಂದೆ ಕಟ್ಟೆ, ಒಳಗೆ ಉದ್ದನೆಯ ಪಡಸಾಲೆ, ಅದರ ಬೆನ್ನಿಗೆ ಅಡುಗೆಮನೆ, ಹಿತ್ತಲಿಗೆ ಕುರಿದೊಡ್ಡಿ. ಪಡಸಾಲೆಯ ಒಂದು ಮೂಲೆಯಲ್ಲಿ ಅಪ್ಪನ ಕಂಬಳಿ ಮಗ್ಗ, ಇನ್ನೊಂದು ಮೂಲೆಯಲ್ಲಿ ಉಣ್ಣೆಯ ಗುಡ್ಡೆ, ನಡುವೆ ಉಳಿದ ಜಾಗದಲ್ಲಿ ನಮ್ಮ ಸಂಸಾರ. ಬಂದವರು ಮೊದಲು ಮೂಗು ಮುಚ್ಚಿಕೊಳ್ಳುತ್ತಿದ್ದರು, ಒಂದು ಕಪ್ ಚಹಾ ಮುಗಿಯುವುದರೊಳಗೆ ಮರೆಯುತ್ತಿದ್ದರು. ನನಗಂತೂ ಇಂದಿಗೂ ಒದ್ದೆ ಉಣ್ಣೆಯ ವಾಸನೆ ಬಂದರೆ ಹಸಿವಾಗುತ್ತದೆ. ಆ ಪಡಸಾಲೆಯ ಗೋಡೆಯ ಗೂಡಿನಲ್ಲಿ, ಬೀರಪ್ಪನ ಫೋಟೋದ ಪಕ್ಕಕ್ಕೆ, ಚರ್ಮದ ಚೀಲ ತೊಟ್ಟ ರೇಡಿಯೋ ಕೂತಿತ್ತು. ತಂದವನು ಬೀರೂ ಕಾಕಾ, ಅಪ್ಪನ ತಮ್ಮ. ಕುರಿಯ ಹಿಂದೆ ತಿರುಗಲು ಒಲ್ಲೆನೆಂದು ಕಾಗಲಕ್ಕೆ ಹೋಗಿ ಲಾರಿ ಡ್ರೈವರ್ ಆದವನು. ಇಚಲಕರಂಜಿಯ ಮಗ್ಗಗಳ ಬಟ್ಟೆ ಹೇರಿಕೊಂಡು ಹೈದರಾಬಾದು, ಅದರಾಚೆಗೆ ಆಂಧ್ರದ ಸಮುದ್ರ ದಂಡೆ, ಕೆಲವೊಮ್ಮೆ ಘಟ್ಟ ಇಳಿದು ರತ್ನಾಗಿರಿಯವರೆಗೆ ಹೋಗಿಬರುತ್ತಿದ್ದ. ರೇಡಿಯೋದ ಸಂಜೆಯ ಸುದ್ದಿ ಮರಾಠಿಯಲ್ಲಿ. ಮರಾಠಿ ನಮ್ಮಲ್ಲಿ ಯಾರಿಗೆ ಬರುವುದಿಲ್ಲ? ಸಂತೆಯಲ್ಲಿ ಕುರಿ ಮಾರುವ ಮರಾಠಿ ಎಲ್ಲರಿಗೂ ಬರುತ್ತಿತ್ತು. ಆದರೆ ರೇಡಿಯೋದ ಮರಾಠಿ ಪುಸ್ತಕದ್ದು. ‘ಕಮಿ ದಾಬಾಚಾ ಪಟ್ಟಾ’ ಎಂದರೆ ವಾಯುಭಾರ ಕುಸಿದ ಪ್ರದೇಶವೆಂದು ಅಪ್ಪನಿಗೆ ತಿಳಿಯುತ್ತಿರಲಿಲ್ಲ. ಊರಿನ ಕನ್ನಡ ಶಾಲೆ ಮುಗಿಸಿ ಕಾಗಲದ ಮರಾಠಿ ಶಾಲೆಗೆ ಹೋಗುತ್ತಿದ್ದವಳು ಮನೆಯಲ್ಲಿ ನಾನೊಬ್ಬಳೇ. ಹಾಗಾಗಿ ಸಂಜೆಯ ಸುದ್ದಿ ಮುಗಿದೊಡನೆ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದೆ. ಏಳನೆಯ ಇಯತ್ತೆಯ ಹುಡುಗಿಗೆ ಇದಕ್ಕಿಂತ ಹೆಚ್ಚಿನ ಸಿಂಹಾಸನ ಬೇಕೇ? ನನ್ನ ಹೆಸರು ರುಕ್ಮವ್ವ. ಅಕಿವಾಟದ ಸಿದ್ರಾಮ ಮಾವ, ಅಂದರೆ ಅವ್ವನ ಅಣ್ಣ, ನನ್ನನ್ನು ‘ರೇಡಿಯೋಬಾಯಿ’ ಎಂದೇ ಕರೆಯುತ್ತಿದ್ದ. ಅವನು ಚೇಷ್ಟೆಗೆ ಹೇಳಿದ್ದನ್ನು ನಾನು ಬಿರುದೆಂದು ಇಟ್ಟುಕೊಂಡಿದ್ದೆ.

ಉಣ್ಣೆ ಕತ್ತರಿಸುವುದು ನಮ್ಮಲ್ಲಿ ದೀಪಾವಳಿ ಮುಗಿದ ಮೇಲೆ. ಮೊದಲ ದಿನ ಕಾಯಿ ಒಡೆದು ಕುರಿಗಳನ್ನು ಹೊಳೆಗಿಳಿಸಿ ತೊಳೆಯುವುದು, ಮರುದಿನ ಬಿಸಿಲಿಗೆ ಬಿಟ್ಟು ಒಣಗಿಸುವುದು, ಮೂರನೆಯ ದಿನ ಕತ್ತರಿ. ತೊಳೆದ ಮೇಲೆ ತಡ ಮಾಡುವಂತಿಲ್ಲ, ಉಣ್ಣೆಗೆ ಮತ್ತೆ ಮಣ್ಣು ಹತ್ತುತ್ತದೆ. ಕತ್ತರಿ ಹಿಡಿಯುವವರು ಕೂಲಿಯವರಲ್ಲ, ನೆಂಟರು. ಇವತ್ತು ಅವರು ನಮ್ಮ ಕುರಿಗೆ ಬಂದರೆ ನಾಳೆ ನಾವು ಅವರ ಕುರಿಗೆ ಹೋಗಬೇಕು, ಇದು ಮುಯ್ಯಿ. ಸಿದ್ರಾಮ ಮಾವ ಅಕಿವಾಟದಿಂದ ಆರು ಜನರನ್ನು ಕಟ್ಟಿಕೊಂಡು ಬರುತ್ತಿದ್ದ. ಅವರಿಗೆ ಮಧ್ಯಾಹ್ನ ರೊಟ್ಟಿ ಝುಣಕ, ಕೊನೆಯ ಕುರಿ ಮುಗಿದ ದಿನ ಗೋಧಿ ಹುಗ್ಗಿ. ಅವರ ಸರತಿ ತಪ್ಪಿದರೆ ಮತ್ತೆ ಕೈಗೆ ಸಿಗುವುದು ಹದಿನೈದು ದಿನಕ್ಕೆ. ಅಷ್ಟರಲ್ಲಿ ಥಂಡಿ ಇಳಿದಿರುತ್ತದೆ. ಥಂಡಿ ಬರುವುದರೊಳಗೆ ಬೋಳು ಕುರಿಯ ಮೈಮೇಲೆ ಬೆರಳಷ್ಟಾದರೂ ಉಣ್ಣೆ ಬಂದಿರಬೇಕು. ಬೇಗ ಕತ್ತರಿಸಿದರೆ ಮಳೆಯ ಹೆದರಿಕೆ, ತಡವಾದರೆ ಚಳಿಯ ಹೆದರಿಕೆ. ಎರಡರ ನಡುವಿನ ಸಣ್ಣ ಕಿಂಡಿಯಲ್ಲಿ ನಮ್ಮ ಅರವತ್ತು ಕುರಿಗಳು ದಾಟಬೇಕಿತ್ತು. ಆ ವರ್ಷ ಕುರಿ ತೊಳೆದ ಸಂಜೆಯೇ ರೇಡಿಯೋದಲ್ಲಿ ಆಂಧ್ರದ ದಂಡೆಗೆ ಚಂಡಮಾರುತ, ಮರಾಠಿಯ ‘ವಾದಳ’, ಬಡಿದ ಸುದ್ದಿ ಬಂತು. ಅಪ್ಪ ಕತ್ತರಿಗಳನ್ನು ಮಸೆದು ಇಟ್ಟು, ನಾಳೆಯ ಸುದ್ದಿ ಕೇಳಿ ನೋಡೋಣ ಎಂದ. ಮರುದಿನ ಸಂಜೆ ಮಾವನ ಮಂದಿಯೂ ಬಂದಿದ್ದರು. ಪಡಸಾಲೆ ತುಂಬ ಜನ. ಸುದ್ದಿ ಮುಗಿಯಿತು, ಎಲ್ಲರೂ ನನ್ನ ಕಡೆ ತಿರುಗಿದರು.

“ವಾದಳ ಕಮಜೋರ ಆತಂತ, ಅಪ್ಪಾ. ಇನ್ನ ಬರೇ ಕಮಿ ದಾಬ ಉಳದೈತಂತ.”

“ಹಂಗಂದ್ರ?”

“ಮುಗೀತು. ಸತ್ತಂಗ.”

‘ಸತ್ತಂಗ’ ಎಂದು ರೇಡಿಯೋ ಹೇಳಿರಲಿಲ್ಲ. ಅದು ನನ್ನ ಸ್ವಂತದ್ದು. ಅಷ್ಟು ಜನ ಬಾಯಿ ನೋಡುತ್ತ ಕೂತಾಗ ಕೊನೆಗೊಂದು ಗಟ್ಟಿ ಮಾತು ಬೇಕಾಗುತ್ತದೆ, ನಾನು ಕೊಟ್ಟೆ. ಆಯಿ ಕಟ್ಟೆಗೆ ಹೋಗಿ ಮೂಡಲ ಕಡೆ ಒಮ್ಮೆ ನೋಡಿ ಬಂದಳು, ಏನೂ ಹೇಳಲಿಲ್ಲ. ಮೊಮ್ಮಗಳ ಶಾಲೆಯ ಮುಂದೆ ತನ್ನ ಕಣ್ಣು ಎಷ್ಟರದು ಎಂದುಕೊಂಡಿರಬೇಕು. ಮರುದಿನ ಬೆಳಗ್ಗೆ ಕತ್ತರಿಗಳು ಕಚಕಚ ಎನ್ನತೊಡಗಿದವು. ಎರಡು ದಿನದಲ್ಲಿ ಅರವತ್ತೂ ಬೋಳಾದವು. ಆರು ತಿಂಗಳ ಮರಿಗಳನ್ನೂ ಬಿಡಲಿಲ್ಲ, ಏಕೆಂದರೆ ಮರಿಯ ಮೊದಲ ಉಣ್ಣೆ ಬಲು ಮೆತ್ತಗೆ. ಹುಗ್ಗಿ ಉಂಡು ಮಾವನ ಮಂದಿ ಹೊರಟುಹೋದರು.

ಅವರು ಹೋದ ಮಾರನೆಯ ಬೆಳಗ್ಗೆ ಮಳೆ ಶುರುವಾಯಿತು. ಗುಡುಗಲಿಲ್ಲ, ಸಿಡಿಲಿಲ್ಲ. ಒಂದು ಹಂಚು ಹಾರಲಿಲ್ಲ, ಒಂದು ಟೊಂಗೆ ಮುರಿಯಲಿಲ್ಲ. ಜರಡಿ ಹಿಡಿದಂಥ ಸಣ್ಣ ಮಳೆ, ಅದರ ಜೊತೆ ಮೂಡಲಿನಿಂದ ಬಿಡದೆ ಬರುವ ತಣ್ಣನೆಯ ಗಾಳಿ. ಬೋಳು ಕುರಿಗೆ ಮಳೆಗಿಂತ ಈ ಗಾಳಿ ಕೆಟ್ಟದ್ದು. ಮಧ್ಯಾಹ್ನದ ಹೊತ್ತಿಗೆ ಕುರಿಗಳು ಒಂದರ ಹೊಟ್ಟೆಯೊಳಗೆ ಒಂದು ತಲೆ ತೂರಿಸಿ ನಡುಗತೊಡಗಿದವು. ಅಪ್ಪ ಅವನ್ನು ಪಡಸಾಲೆಗೆ ಹೊಡೆದ. ಜಾಗ ಸಾಲದೆ ಮಗ್ಗ ಬಿಚ್ಚಬೇಕಾಯಿತು, ಅರ್ಧ ನೆಯ್ದ ಕಂಬಳಿ ಕೆಡಬಾರದೆಂದು ಒಂದೊಂದೇ ಗೂಟ ಬಿಡಿಸುವುದರಲ್ಲಿ ಹೊತ್ತು ಹೋಯಿತು. ಒಣ ಕಟ್ಟಿಗೆ ಇರಲಿಲ್ಲ. ಅವ್ವ ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ಕುರಿಗಳ ಮೇಲೆ ಹೊದಿಸಿದಳು, ಕೊನೆಗೆ ತನ್ನ ಮದುವೆಗೆ ತವರಿನವರು ಕೊಟ್ಟ ಅಂಚಿನ ಕಂಬಳಿಯನ್ನೂ ತಂದಳು. ಆಯಿ ಎರಡು ಮರಿಗಳನ್ನು ಸೀರೆಯ ಒಳಗೆ ಹೊಟ್ಟೆಗೆ ಕಟ್ಟಿಕೊಂಡು ಒಲೆಯ ಮುಂದೆ ಕೂತಳು. ಮಳೆ ಮೂರು ದಿನ ನಿಲ್ಲಲಿಲ್ಲ. ಹನ್ನೊಂದು ಮರಿ, ನಾಲ್ಕು ಕುರಿ ಸತ್ತವು. ಆಯಿಯ ಸೀರೆಯೊಳಗಿನ ಮರಿಗಳಲ್ಲಿ ಒಂದು ಉಳಿಯಿತು. ಮೂರನೆಯ ದಿನ ಬೀರೂ ಕಾಕಾ ಲಾರಿಯನ್ನು ಕಾಗಲದಲ್ಲಿ ಬಿಟ್ಟು ಮನೆಗೆ ಬಂದ. ಪಡಸಾಲೆ ನೋಡಿ ಬಾಗಿಲಲ್ಲೇ ನಿಂತ.

“ಹೈದರಾಬಾದ ಬಿಡುವಾಗ ಲಾರಿ ಮ್ಯಾಲ ಕಟ್ಟಿದ ತಾಡಪತ್ರಿ, ಅಣ್ಣಾ. ಸೋಲಾಪುರ ದಾಟೇನಿ, ಮಿರಜ ದಾಟೇನಿ, ಇನ್ನೂ ಬಿಚ್ಚಿಲ್ಲ. ಎಷ್ಟ ದೊಡ್ಡ ಮಳಿ ಐತಿ ಇದು!”

ಅಪ್ಪ ಸಿಟ್ಟು ಮಾಡಲಿಲ್ಲ. ಅವನು ಒಂದು ತಾಟು ಒಗೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ಅವ್ವನ ಸಿಟ್ಟನ್ನು ಎರವಲು ತಂದವನಂತೆ ಸುಮ್ಮನಾದ. ರೇಡಿಯೋವನ್ನು ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟ. ಸತ್ತ ಮರಿಗಳನ್ನು ಹೊಳೆದಂಡೆಯಲ್ಲಿ ಹೂತು ಬಂದು, ಈ ವರ್ಷಕ್ಕೆ ಇವಳ ಶಾಲೆ ಸಾಕು ಎಂದು ಅವ್ವನಿಗೆ ಹೇಳಿದ, ನನಗಲ್ಲ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ, ಹೌದು ಇದೇ ಸರಿ ಎಂದುಕೊಂಡೆ. ಹನ್ನೊಂದು ಮರಿಗಳನ್ನು ನಾನು ಒಂದೇ ಮಾತಿನಿಂದ ಕೊಂದಿದ್ದೆ. ಅವುಗಳಲ್ಲಿ ಮೂರಕ್ಕೆ ಹೆಸರಿಟ್ಟವಳು ನಾನೇ. ಆಗ ಆಯಿ ಬಾಯಿ ತೆರೆದಳು.

“ಹುಡುಗಿ ಸಾಲಿ ಬಿಡಸೂದಾದ್ರ ಮೊದಲ ನನ್ನ ಈ ಮನಿ ಬಿಡಸು. ಅಕಿ ತಪ್ಪ ಹೇಳಿದ್ಲು, ಖರೆ. ನೀ ಹೊರಗ ಹೋಗಿ ಮ್ಯಾಲ ನೋಡಿದ್ಯಾ? ನಾ ನೋಡೇನಿ, ನೋಡಿ ಸುಮ್ಮನಾಗೇನಿ. ನನಗ ಯಾವ ಸಾಲಿ ಬಿಡಸ್ತಿ?”

ಶಾಲೆ ಉಳಿಯಿತು, ನನ್ನ ಮಾತು ಹೋಯಿತು. ಮನೆಯಲ್ಲಿ ಮಳೆ, ಗಾಳಿ, ಬಿಸಿಲು ಯಾವುದರ ಬಗ್ಗೆಯೂ ನಾನು ಬಾಯಿ ಬಿಡುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಆದರೆ ಸುಮ್ಮನಿರುವುದು ಬಾಯಿಗಷ್ಟೇ ಸಾಧ್ಯ. ಸತ್ತ ಚಂಡಮಾರುತ ಎದ್ದು ಬಂದು ನಮ್ಮ ಮರಿಗಳನ್ನು ಹೇಗೆ ಕೊಂದಿತು ಎಂಬುದು ನನ್ನ ತಲೆಯನ್ನು ತಿನ್ನುತ್ತಿತ್ತು. ನಮಗೆ ಭೂಗೋಳ ಕಲಿಸುತ್ತಿದ್ದ ಬಾಯಿ (ಮರಾಠಿ ಶಾಲೆಯಲ್ಲಿ ಶಿಕ್ಷಕಿಯನ್ನು ಹಾಗೆನ್ನುತ್ತಾರೆ) ಒಂದು ಮಧ್ಯಾಹ್ನ ಡಬ್ಬಿ ತೆರೆದು ಊಟಕ್ಕೆ ಕೂತಿದ್ದಾಗ ಹೋಗಿ ಕೇಳಿದೆ. ವಾದಳ ಕಮಜೋರ ಆಯಿತೆಂದು ಹೇಳಿದ್ದರು, ಮತ್ತೆ ಮಳೆ ಏಕೆ ಬಂತು? ಅವರು ಚಪಾತಿ ಮುರಿಯುತ್ತಲೇ ಹೇಳಿದರು:

“ವಾರಾ ಕಮಜೋರ ಝಾಲಾ, ಪೋರೀ. ಪಾವಸಾಬದ್ದಲ ಕುಣೀ ಸಾಂಗಿತಲಂ?”

ಗಾಳಿ ಕಮಜೋರಾಯಿತು ಹುಡುಗಿ, ಮಳೆಯ ಬಗ್ಗೆ ಯಾರು ಹೇಳಿದರು? ಅಷ್ಟೇ. ಅವರು ಮತ್ತೆ ಚಪಾತಿಗೆ ತಿರುಗಿದರು, ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ರೇಡಿಯೋ ಸುಳ್ಳು ಹೇಳಿರಲಿಲ್ಲ. ಗಾಳಿಯ ಜೋರು ಎಷ್ಟೆಂದು ಹೇಳಿತ್ತು. ಎಷ್ಟು ದೊಡ್ಡದು ಎಂದು ಹೇಳಿರಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಜೋರು ಬೇರೆ, ದೊಡ್ಡದು ಬೇರೆ. ಇದನ್ನು ಆಯಿ ಒಲೆಯ ಮುಂದೆ ಕೂತು ನನಗೆ ಎಂದೋ ಹೇಳಿಕೊಟ್ಟಿದ್ದಳು, ನಾನು ತಲೆಯಾಡಿಸಿದ್ದೆ.

ದೊಡ್ಡದೆಂದರೆ ಎಷ್ಟು ದೊಡ್ಡದು? ಅಳೆಯುವುದು ಹೇಗೆ? ಅದಕ್ಕೆ ನನ್ನ ಕೈಯಲ್ಲಿದ್ದ ಒಂದೇ ಒಂದು ಸಾಧನ ಬೀರೂ ಕಾಕಾ. ಬಟ್ಟೆಯ ಲಾರಿ ಹೊಡೆಯುವವನಿಗೆ ಪೊಲೀಸರಿಗಿಂತ ಮಳೆಯ ಭಯ ಹೆಚ್ಚು. ಕೋರಾ ಬಟ್ಟೆಗೆ ಒಂದು ಹನಿ ನೀರಿನ ಕಲೆ ಬಿದ್ದರೂ ಕೊಳ್ಳುವ ವ್ಯಾಪಾರಿ ಇಡೀ ಗಂಟನ್ನು ಹಿಂದಕ್ಕೆ ಕೊಡುತ್ತಾನೆ. ಹಾಗಂತ ತಾಡಪತ್ರಿಯನ್ನು, ಅಂದರೆ ಲಾರಿಯ ಟಾರ್ಪಾಲನ್ನು, ಬಿಸಿಲಲ್ಲೂ ಬಿಗಿದುಕೊಂಡೇ ಹೋಗುವಂತಿಲ್ಲ. ಒಳಗೆ ಬೆವರಿ ಬಟ್ಟೆ ಮುಗ್ಗಲಾಗುತ್ತದೆ. ಹಾಗಾಗಿ ಮೊದಲ ಹನಿ ಬಿದ್ದಲ್ಲಿ ಲಾರಿ ನಿಲ್ಲಿಸಿ, ಮೇಲೆ ಹತ್ತಿ, ಹಗ್ಗ ಜಗ್ಗಿ ತಾಡಪತ್ರಿ ಕಟ್ಟಬೇಕು. ಮಳೆ ಬಿಟ್ಟಲ್ಲಿ ಇಳಿದು ಬಿಚ್ಚಬೇಕು. ಅಂಗೈ ಸುಲಿಯುವ ಆ ಕೆಲಸವನ್ನು ಯಾವ ಊರಲ್ಲಿ ಮಾಡಿದೆ, ಯಾವ ಚಹಾ ಅಂಗಡಿಯ ಎದುರು ಮಾಡಿದೆ ಎಂಬುದನ್ನು ಯಾವ ಡ್ರೈವರನೂ ಮರೆಯುವುದಿಲ್ಲ. ಅವನು ಮನೆಗೆ ಬಂದು ಕೈಕಾಲು ತೊಳೆಯುವುದೇ ತಡ, ನಾನು ನೋಟ್‌ಬುಕ್ ಹಿಡಿದು ಕೂರುತ್ತಿದ್ದೆ. ತಾಡಪತ್ರಿ ಕಟ್ಟಿದ್ದೆಲ್ಲಿ? ಬಿಚ್ಚಿದ್ದೆಲ್ಲಿ? ನಡುವೆ ಎಷ್ಟು ತಾಸು ಗಾಡಿ ಓಡಿತು? ಗಿಡಗಳು ಬಿದ್ದಿದ್ದವೋ, ಬಾಗಿದ್ದವೋ, ಸುಮ್ಮನೆ ನಿಂತಿದ್ದವೋ? ಕಾಕಾ ಮೊದಮೊದಲು ನಗುತ್ತಿದ್ದ. ಆಮೇಲೆ ಅವನಿಗೂ ಚಟ ಹತ್ತಿತು, ನಾನು ಕೇಳುವ ಮೊದಲೇ ಚಪ್ಪಲಿ ಬಿಡುತ್ತ ಹೇಳತೊಡಗಿದ.

“ಬರಕೋ ರುಕ್ಮಾ. ಒಂದ ಊರಾಗ ತೆಂಗಿನ ಗಿಡ ಒಂದೂ ನಿಂತಿಲ್ಲ, ಗುಡಿಯ ತಗಡ ಮಡಚಿ ಒಗದಂಗ ಬಿದ್ದೈತಿ. ಅಲ್ಲಿಂದ ಎರಡ ತಾಸ ಗಾಡಿ ಹೊಡದೇನಿ, ನೋಡ್ತೇನಿ, ಬಾಳಿ ತ್ವಾಟ ಹಂಗ ನಿಂತೈತಿ! ಎಲಿ ಸೈತ ಹರದಿಲ್ಲ.”

ಎರಡು ವರ್ಷ ಹೀಗೆ ಬರೆದೆ. ಊರುಗಳ ಹೆಸರು ಒಂದು ಕಡೆ, ತಾಸು ಒಂದು ಕಡೆ, ಗಿಡಗಳ ಸ್ಥಿತಿ ಒಂದು ಕಡೆ. ಭಯಂಕರ ಎಂದು ಕಾಗಲದ ಚಹಾ ಅಂಗಡಿಯ ರೇಡಿಯೋ ಬಡಕೊಂಡದ್ದು ಕೆಲವು ಸಲ ಎರಡು ತಾಸಿನ ತಾಡಪತ್ರಿಯಾಗಿತ್ತು. ಬರೀ ಕಮಿ ದಾಬ ಎಂದದ್ದು ಎರಡು ದಿನದ ತಾಡಪತ್ರಿಯಾಗಿತ್ತು. ಹಾಗೆಂದು ಇದನ್ನೇ ನಿಯಮ ಮಾಡಿಕೊಂಡು ಜಂಬಪಡುವಷ್ಟರಲ್ಲಿ, ಒಂದು ಸಲ ಕಾಕಾ ಎರಡು ದಿನ ಕಟ್ಟಿದ್ದೆನೆಂದೂ ಹೇಳಿದ, ದಾರಿಯುದ್ದಕ್ಕೂ ಗಿಡಗಳು ಬಿದ್ದಿದ್ದವೆಂದೂ ಹೇಳಿದ. ದೊಡ್ಡದೂ ಹೌದು, ಜೋರೂ ಹೌದು. ಅದರ ಬಗ್ಗೆ ಹೆಚ್ಚು ಕೇಳಲು ಅವನ ಮುಖ ಬಿಡಲಿಲ್ಲ. ಚಹಾ ಕೇಳಿದ, ತಂದರೆ ಕುಡಿಯಲಿಲ್ಲ. ಅಂದು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಇಷ್ಟೇ: ಒಂದನ್ನು ನೋಡಿ ಇನ್ನೊಂದನ್ನು ಹೇಳುವಂತಿಲ್ಲ, ಎರಡನ್ನೂ ಬೇರೆಬೇರೆಯಾಗಿ ಕೇಳಬೇಕು. ಮುಂದೆ ಗಡಹಿಂಗ್ಲಜದ ಶಾಲೆಯಲ್ಲಿ ಇಡೀ ನೌಕರಿ ಮುಗಿಯುವತನಕ ಭೂಗೋಳ ಕಲಿಸಿದೆ, ಚಂಡಮಾರುತದ ಪಾಠ ಬಂದಾಗಲೆಲ್ಲ ಇದಕ್ಕಿಂತ ಒಳ್ಳೆಯ ವಾಕ್ಯ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಈ ಮಾತನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಮೂರನೆಯ ವರ್ಷ ದೀಪಾವಳಿ ಮುಗಿದು ಕುರಿ ತೊಳೆದಿದ್ದೆವು. ಸಿದ್ರಾಮ ಮಾವನ ಮಂದಿ ಬಂದು ಕಟ್ಟೆಯ ಮೇಲೆ ಕತ್ತರಿ ಮಸೆಯುತ್ತಿದ್ದರು. ಅಷ್ಟರಲ್ಲಿ ಊರಿನಲ್ಲಿ ಗುಲ್ಲೆದ್ದಿತು: ಈ ಸಲದ ಚಂಡಮಾರುತ ಮೂಡಲದ್ದಲ್ಲ, ನಮ್ಮ ಪಡುವಣ ಸಮುದ್ರದ್ದು. ಘಟ್ಟದಾಚೆಗೇ ಇದೆ. ಭಾಳ ಜೋರಿನದು. ಪೇಪರಿನಲ್ಲಿ ಬೆರಳು ದಪ್ಪದ ಅಕ್ಷರದಲ್ಲಿ ಬಂದಿತ್ತು. ಅಪ್ಪ ತಾನೇ ಅಟ್ಟ ಹತ್ತಿ ಗೋಣಿಚೀಲ ಬಿಚ್ಚಿ ರೇಡಿಯೋ ಇಳಿಸಿದ, ಹೊಸ ಶೆಲ್ಲು ತರಿಸಿ ಹಾಕಿದ. ಮಧ್ಯಾಹ್ನದ ಸುದ್ದಿಯಲ್ಲೂ ಅದೇ: ಕೊಂಕಣದ ಮೀನುಗಾರರು ಸಮುದ್ರಕ್ಕೆ ಇಳಿಯಬಾರದು, ವಾದಳ ಬಡಗಣಕ್ಕೆ ಗುಜರಾತಿನ ಕಡೆ ಸರಿಯುತ್ತಿದೆ. ಅಪ್ಪ ಮಾವನಿಗೆ ಕೈ ಮುಗಿದು, ನೀವು ನಿಮ್ಮೂರಿಗೆ ಹೋಗಿಬಿಡಿ, ಹದಿನೈದು ದಿನ ಬಿಟ್ಟು ನೋಡೋಣ ಎಂದ. ಹದಿನೈದು ದಿನ ಬಿಟ್ಟರೆ ಥಂಡಿ. ಹಿಂದಿನ ಪೆಟ್ಟಿನಿಂದ ಚೇತರಿಸಿಕೊಂಡು ಕುರಿಗಳು ಐವತ್ತರ ಆಜುಬಾಜು ಬಂದಿದ್ದವು, ಇನ್ನೊಂದು ಪೆಟ್ಟು ಬಿದ್ದರೆ ಅಪ್ಪ ಮಗ್ಗ ಮಾರಿ ಕಾಗಲದ ಕಾರಖಾನೆಯ ಗೇಟಿನಲ್ಲಿ ನಿಲ್ಲಬೇಕಾಗುತ್ತಿತ್ತು. ಕತ್ತರಿಸಿದರೂ ಹೆದರಿಕೆ, ಬಿಟ್ಟರೂ ಹೆದರಿಕೆ. ಯಾರೂ ನನ್ನ ಕಡೆ ನೋಡಲಿಲ್ಲ. ನಾನು ಅಡುಗೆಮನೆಯಲ್ಲಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. ಆಯಿ ಕೂಗಿದಳು.

“ರುಕ್ಮಾ, ಹೊರಗ ಬಾ. ನೀ ಏನಂತಿ?”

“ಅಕಿನ್ನ ಯಾಕ ಕೇಳತಿ, ಯವ್ವಾ?” ಎಂದ ಅಪ್ಪ. “ಒಮ್ಮೆ ಕೇಳಿದ್ದ ಸಾಕಾಗಿಲ್ಲೇನ?”

“ಅದಕ್ಕ ಕೇಳಾಕತ್ತೇನಿ. ತಪ್ಪಿದ ಬಾಯಿನ ಬೇಕ ನನಗ. ಎಲ್ಲಿ ತಪ್ಪತೈತಿ ಅಂತ ಅಕಿಗೆ ಗೊತ್ತೈತಿ. ಈ ಮನ್ಯಾಗ ಮತ್ಯಾರಿಗೂ ಗೊತ್ತಿಲ್ಲ.”

ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಬಂದು ನಿಂತೆ. ಹಿಂದಿನ ಸಲದಂತೆ ಗಂಟಲು ಸರಿಮಾಡಿಕೊಳ್ಳಲಿಲ್ಲ. ಜೋರೆಷ್ಟು ಎಂದು ರೇಡಿಯೋ ಹೇಳಿದೆ, ಎತ್ತ ಹೋಗುತ್ತದೆ ಎಂದೂ ಹೇಳಿದೆ, ದೊಡ್ಡದೆಷ್ಟು ಎಂದು ಹೇಳಿಲ್ಲ. ಅದು ತಿಳಿಯದೆ ಹೂಂ ಎನ್ನುವುದಿಲ್ಲ, ಊಹೂಂ ಎನ್ನುವುದೂ ಇಲ್ಲ, ಕಾಕಾ ಬರಲಿ ಎಂದೆ. ಕಾಕಾ ಆ ದಿನ ರತ್ನಾಗಿರಿಯಿಂದ ಹೊರಟು ಸಂಜೆಯೊಳಗೆ ಬರಬೇಕಿತ್ತು. ಸಿದ್ರಾಮ ಮಾವ ತಲೆಗೆ ಸುತ್ತಿದ್ದ ಪಟಕವನ್ನು ಬಿಚ್ಚಿ ಕಟ್ಟೆಯ ಮೇಲಿಟ್ಟು, ಹಾಗಾದರೆ ನಾವೂ ಕೂತೆವು ಎಂದ. ಬಿಸಿಲು ಹೊಳೆಯ ಕಡೆ ವಾಲುವ ಹೊತ್ತಿಗೆ ಕಾಕಾ ಬಂದ. ಅವನಿಗೆ ನೀರು ಸಹ ಕೊಡದೆ ಇಡೀ ಪಡಸಾಲೆ ಒಟ್ಟಿಗೆ ಕೇಳಿತು, ನಾನು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದೆ. ಹಾಗೆ ಮಾಡಿದ್ದು ನನಗೇ ಆಶ್ಚರ್ಯ.

“ಕಾಕಾ, ತಾಡಪತ್ರಿ ಎಲ್ಲಿ ಕಟ್ಟಿದಿ?”

“ರತ್ನಾಗಿರಿಯೊಳಗನ. ಸಮುದ್ರ ನೋಡಬೇಕಿತ್ತ ನೀ, ಹುಚ್ಚ ಹಿಡದಂಗ ಆಗೇತಿ. ಗಾಳಿಗೆ ಹಗ್ಗ ಕೈಯಾಗ ನಿಲ್ಲವಲ್ದು.”

“ಬಿಚ್ಚಿದ್ದೆಲ್ಲಿ?”

“ಪಾಲಿಯೊಳಗ ಬರೇ ಜಿನುಗತಿತ್ತ. ಸಾಖರಪಾದಾಗ ಚಹಾಕ್ಕ ನಿಂತೇನಿ, ಚಕ್ಕನ ಬಿಸಲ. ಅಲ್ಲೆ ಬಿಚ್ಚೇನಿ. ಆಂಬಾ ಘಟ್ಟ ಹತ್ತೂಮುಂದ ಧೂಳ ಎದ್ದಿತ್ತವಾ.”

ಘಟ್ಟದ ಕೆಳಗಿನ ಊರಲ್ಲೇ ಬಿಸಿಲು. ಎರಡು ತಾಸೂ ಇಲ್ಲದ ತಾಡಪತ್ರಿ. ಬಲು ಜೋರಿನದು, ಆದರೆ ಮೈ ಚಿಕ್ಕದು, ಅದೂ ನಮ್ಮಿಂದ ದೂರ ಬಡಗಣಕ್ಕೆ ಹೊರಟದ್ದು. ಅಪ್ಪನನ್ನು ನೇರ ನೋಡಿ ಹೇಳಿದೆ.

“ನಾಳೆ ಮುಂಜಾನೆ ಕತ್ತರಸ್ರಿ. ಇದು ಘಟ್ಟ ಹತ್ತಿ ನಮ್ಮ ಕಡೆ ಬರೂವಷ್ಟ ದೊಡ್ಡದಿಲ್ಲ.”

“ತಪ್ಪಿದ್ರ?”

“ತಪ್ಪಬಹುದು, ಅಪ್ಪಾ. ಅದಕ್ಕ ಪಡಸಾಲಿ ಇವತ್ತ ಖಾಲಿ ಮಾಡೂಣು. ಮಗ್ಗ ಈಗ ಬಿಚ್ಚೂಣು. ಒಣ ಕಟಿಗಿ ಒಳಗ ಇಡೂಣು, ಕಂಬಳಿ ತಗದ ಇಡೂಣು. ಮರಿ ಈ ವರ್ಷ ಬ್ಯಾಡ, ಅವುನ್ನ ಮುಟ್ಟಬ್ಯಾಡ್ರಿ.”

ತಾಟು ಹಾರುವುದೆಂದು ನಾನು ಗೋಡೆಯಿಂದ ದೂರ ಸರಿದೆ. ಅಪ್ಪ ಎದ್ದು ಹೋಗಿ ಮಗ್ಗದ ಮೊದಲ ಗೂಟ ಕಿತ್ತ. ಮಾವನ ಮಂದಿ ಕಟ್ಟಿಗೆ ಹೊತ್ತರು, ಅವ್ವ ಕಂಬಳಿಗಳನ್ನು ಮಡಚಿ ಗೋಡೆಯುದ್ದಕ್ಕೂ ಒಟ್ಟಿದಳು, ಎಲ್ಲಕ್ಕಿಂತ ಮೇಲೆ ಅಂಚಿನ ಕಂಬಳಿ. ಮರುದಿನ ಕತ್ತರಿ ಶುರುವಾಯಿತು. ಪಡುವಣದಲ್ಲಿ ಹಿಂಜಿದ ಉಣ್ಣೆಯಂಥ ತೆಳು ಮೋಡ ಬಹಳ ಎತ್ತರದಲ್ಲಿ ಹಾದುಹೋಯಿತು, ಸಂಜೆ ಆಕಾಶ ಕೆಂಪಾಯಿತು, ಒಂದು ಹನಿ ಬೀಳಲಿಲ್ಲ. ಅದರ ಮರುದಿನವೂ ಬಿಸಿಲು. ಮಧ್ಯಾಹ್ನಕ್ಕೆ ಕೊನೆಯ ಕುರಿ ಮೈ ಕೊಡವಿಕೊಂಡು ಎದ್ದು ಓಡಿದಾಗ ಮಾವ ಕತ್ತರಿಯನ್ನು ಆಕಾಶಕ್ಕೆ ಎತ್ತಿ ಕಚಕಚ ಆಡಿಸಿದ. ಖಾಲಿ ಪಡಸಾಲೆಯಲ್ಲಿ ಕುರಿಗಳ ಬದಲು ನಾವೇ ಸಾಲಾಗಿ ಹುಗ್ಗಿಗೆ ಕೂತೆವು. ಅಂಥ ರುಚಿಯ ಹುಗ್ಗಿ ನಾನು ಆಮೇಲೆ ಉಂಡಿಲ್ಲ. ನನಗೆ ಹೆಮ್ಮೆಯಾಗಿತ್ತು, ಅದನ್ನು ಮುಚ್ಚಿಡುವ ಯೋಚನೆಯೂ ಇರಲಿಲ್ಲ.

ಹುಗ್ಗಿ ಬಡಿಸುವಾಗಲೇ ಸಂಜೆಯ ಸುದ್ದಿ ಬಂತು. ಆ ಚಂಡಮಾರುತ ಬಡಗಣದ ದಂಡೆ ಹತ್ತಿತ್ತು. ಊರುಗಳು ಮುರಿದು ಬಿದ್ದಿದ್ದವು, ದೋಣಿಗಳು ಮರಳಿ ಬಂದಿರಲಿಲ್ಲ, ಸತ್ತವರೆಷ್ಟೆಂದು ಇನ್ನೂ ಗೊತ್ತಾಗಿರಲಿಲ್ಲ. ಈ ಮರಾಠಿಗೆ ಯಾರಿಗೂ ಅರ್ಥ ಹೇಳಬೇಕಾಗಲಿಲ್ಲ. ಕೈಗಳು ತಾಟಿನಲ್ಲೇ ನಿಂತವು. ಸಿದ್ರಾಮ ಮಾವ ನನ್ನನ್ನು ಹೊಗಳಲು ಹೊರಟ.

“ಏನರ ಅನ್ರಿ, ನಮ್ಮ ರೇಡಿಯೋಬಾಯಿ ಹೇಳಿದ್ದ ಖರೆ ಆತು. ಸಣ್ಣದ ಇತ್ತ.”

ನಾನು ಹೌದೆಂದು ತಲೆಯಾಡಿಸಲಿದ್ದೆ. ಅಪ್ಪ ತಡೆದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

“ಸಣ್ಣದಿತ್ತ ಅಂತ ಯಾರ ಮುಂದೂ ಅನಬ್ಯಾಡ, ರುಕ್ಮಾ. ಅದರ ತೆಳಗ ಸಿಕ್ಕವರಿಗೆ ಅದು ಸಣ್ಣದಲ್ಲ. ನಮಗ ಮುಟ್ಟಲಿಲ್ಲ ಅನ್ನು, ಸಾಕು.”

ಹೇಳುತ್ತ ಹೇಳುತ್ತ ಅವನ ಕಣ್ಣು ನನ್ನಿಂದ ಸರಿದು, ಹುಗ್ಗಿಯ ಪಾತ್ರೆ ಹಿಡಿದು ನಿಂತಿದ್ದ ಅವ್ವನ ಮುಖಕ್ಕೆ ಹೋಯಿತು, ಹುಬ್ಬಿನ ಮೇಲೆ ನಿಂತಿತು. ಅವ್ವ ಸೆರಗನ್ನು ಹಣೆಯ ಮೇಲೆ ಎಳೆದುಕೊಳ್ಳಲಿಲ್ಲ. ಬಾಗಿ ಅವನ ತಾಟಿಗೆ ಒಂದು ಸೌಟು ಹುಗ್ಗಿ ಹಾಕಿದಳು, ಅವನು ಸಾಕು ಎನ್ನುವುದರೊಳಗೆ ಮೇಲೊಂದು ಚಮಚ ತುಪ್ಪ.